ಆರೂವರೆ ಅಂಕವೂ ಅಜ್ಜಿಯ ಕನ್ನಡವೂ



ಕಳೆದ ಸಂಚಿಕೆಯಲ್ಲಿ ಉದ್ರಿ ಬಾಕಿಯ ವಸೂಲಿ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಈ ತಿಂಗಳು ಅಂಗಡಿಯ ವಿಷಯ ಬಿಟ್ಟು ಮನೆಯ ವಿಷಯಕ್ಕೆ ಬರುತ್ತೇನೆ. ಮನೆಯದೆಂದರೆ ನಮ್ಮೊಬ್ಬರ ಮನೆಯದಲ್ಲ. ಇಂದು ಕಲ್ಪೆಟ್ಟ, ಮಾನಂದವಾಡಿ, ಸುಲ್ತಾನ್ ಬತ್ತೇರಿ ಎಲ್ಲಿಗೆ ಹೋದರೂ ಬಸ್ ಸ್ಟ್ಯಾಂಡಿನ ಸುತ್ತ ಇಂಗ್ಲಿಷ್ ಪರೀಕ್ಷೆಗೆ ತರಬೇತಿ ಕೊಡುವವರ ಬೋರ್ಡುಗಳೇ ಕಣ್ಣಿಗೆ ಬೀಳುತ್ತವೆ. ನಮ್ಮ ಸಮಾಜದ ಮನೆಗಳಲ್ಲೂ ಮಗನೋ ಸೊಸೆಯೋ ಮೊಮ್ಮಗಳೋ, ಒಬ್ಬರಲ್ಲ ಒಬ್ಬರು ಆ ಪರೀಕ್ಷೆಗೆ ಕೂತವರಿದ್ದಾರೆ. ಆದ್ದರಿಂದ ನಮ್ಮ ಮನೆಯಲ್ಲಿ ನಡೆದದ್ದನ್ನು ತಮ್ಮ ಮುಂದಿಟ್ಟರೆ ತಪ್ಪಾಗಲಾರದು ಎಂದುಕೊಂಡಿದ್ದೇನೆ.

ನನ್ನ ಹಿರಿಯ ಮಗನ ಮಗಳು ನರ್ಸಿಂಗ್ ಮುಗಿಸಿ ಕೋಳಿಕ್ಕೋಡಿನ ಆಸ್ಪತ್ರೆಯೊಂದರಲ್ಲಿ ಕೆಲಸದಲ್ಲಿದ್ದಾಳೆ. ಅವಳಿಗೆ ಬ್ರಿಟನ್ನಿಗೆ ಹೋಗುವ ಆಸೆ. ಅದಕ್ಕೆ ಐಇಎಲ್‌ಟಿಎಸ್ ಎಂಬ ಪರೀಕ್ಷೆ ಬರೆಯಬೇಕು. 1989ರಲ್ಲಿ ಈ ಹೆಸರಿನಿಂದ ಶುರುವಾದ ಪರೀಕ್ಷೆ ಇದು. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಎಂದು ನಾಲ್ಕು ಭಾಗ. ಪ್ರತಿ ಭಾಗಕ್ಕೂ 9ರವರೆಗೆ ಅಂಕ. ಇದರಲ್ಲಿ ಪಾಸು ಫೇಲು ಎಂಬುದಿಲ್ಲ. ಕೆಲಸ ಕೊಡುವವರೋ ಸೀಟು ಕೊಡುವವರೋ ತಮಗೆ ಇಷ್ಟು ಬೇಕೆಂದು ಗೆರೆ ಎಳೆದಿರುತ್ತಾರೆ. ಬ್ರಿಟನ್ನಿನ ನರ್ಸಿಂಗ್ ಮಂಡಳಿಯವರ ಗೆರೆ ಹೀಗಿದೆ: ಒಟ್ಟಿನಲ್ಲಿ 7, ಕೇಳುವುದು, ಓದುವುದು, ಮಾತಾಡುವುದರಲ್ಲಿ ತಲಾ 7, ಬರವಣಿಗೆಯಲ್ಲಿ ಆರೂವರೆ.

ಹುಡುಗಿಗೆ ಕೇಳುವುದರಲ್ಲಿ ಏಳೂವರೆ, ಓದುವುದರಲ್ಲಿ 7, ಮಾತಿನಲ್ಲಿ 7 ಬಂತು. ಬರವಣಿಗೆಯಲ್ಲಿ 6. ಸರಾಸರಿ ತೆಗೆದು ಹತ್ತಿರದ ಅರ್ಧಕ್ಕೆ ಸರಿಮಾಡಿದರೆ ಒಟ್ಟು 7 ಆಗುತ್ತದೆ. ಆದರೂ ಅರ್ಧ ಅಂಕಕ್ಕೆ ಕೆಲಸ ಕೆಟ್ಟಿತು.

ಆ ಸಂಜೆ ನನ್ನ ಮಗ ಫೋನಿನಲ್ಲಿ ಒಂದು ಪಟ್ಟಿ ತೋರಿಸಿದ. ಪರೀಕ್ಷೆ ನಡೆಸುವವರೇ ಪ್ರಕಟಿಸುವ ಪಟ್ಟಿ. ಯಾವ ದೇಶದವರಿಗೆ ಸರಾಸರಿ ಎಷ್ಟು ಅಂಕ ಎಂಬ ಲೆಕ್ಕ. ಜರ್ಮನಿಯವರು 7ರ ಮೇಲೆ. ಫಿಲಿಪ್ಪೀನ್ಸಿನವರು ನಮಗಿಂತ ಮುಂದೆ. ಭಾರತದವರು 6ರ ಆಸುಪಾಸು. "ನೋಡಿ ಅಪ್ಪಾ, ಜಗತ್ತಿನ ಮುಂದೆ ನಮ್ಮ ಸ್ಥಾನ ಇದು. ಮನೆಯೊಳಗೆ ಕನ್ನಡ, ಗೇಟು ದಾಟಿದರೆ ಮಲಯಾಳಂ. ಇಂಗ್ಲಿಷಿಗೆ ಜಾಗ ಎಲ್ಲಿ? ಇವಳ ಕಥೆ ಆಯಿತು, ಚಿಕ್ಕವನಾದರೂ ಉದ್ಧಾರವಾಗಲಿ. ನಾಳೆಯಿಂದ ಅವನ ಜೊತೆ ಯಾರೂ ಕನ್ನಡ ಮಾತಾಡಬೇಡಿ" ಎಂದ.

ಚಿಕ್ಕವನೆಂದರೆ ನಾಲ್ಕನೇ ತರಗತಿಯ ಮೊಮ್ಮಗ. ನನ್ನ ಮನೆಯವಳಿಗೆ ಕನ್ನಡ ಬಿಟ್ಟರೆ ಮಲಯಾಳಂ ಮಾತ್ರ ಬರುತ್ತದೆ. ಅವಳು ಮಗನಿಗೆ ಎದುರು ಹೇಳಲಿಲ್ಲ. ಮಾರನೆಯ ದಿನ ಹುಡುಗ ಶಾಲೆಯಿಂದ ಬಂದಾಗ ಹಾಲು, ಅವಲಕ್ಕಿ ಮುಂದಿಟ್ಟು ಸುಮ್ಮನೆ ಒಳಗೆ ಹೋದಳು. ದಿನವೂ ಸೂರ್ಯಾಸ್ತದೊಳಗೆ ಊಟ ಮುಗಿಸಿ, ದೀಪ ಹಚ್ಚಿದ ಮೇಲೆ ಅವನಿಗೆ ಅನಂತಮತಿಯ ಕಥೆಯನ್ನೋ ಚಂದನೆಯ ಕಥೆಯನ್ನೋ ಹೇಳುವುದು ವಾಡಿಕೆ. ಮೂರು ದಿನ ಕಥೆ ಇಲ್ಲ. ನಾಲ್ಕನೆಯ ದಿನ ಹುಡುಗ ಅಂಗಡಿಗೆ ಬಂದು ನನ್ನ ಮೇಜಿನ ಪಕ್ಕ ನಿಂತು, "ಅಜ್ಜಾ, ಅಜ್ಜಿಗೆ ನನ್ನ ಮೇಲೆ ಕೋಪವಾ?" ಎಂದು ಕೇಳಿದ.

ನಾನು ಮೆಟ್ರಿಕ್ ಓದಿದವನು. ಶಿಕ್ಷಣ ಶಾಸ್ತ್ರ ನನಗೆ ತಿಳಿಯದು. ಆದರೆ ನಾಲ್ಕು ದಶಕ ಕಾಳುಮೆಣಸು, ಕಾಫಿ ವ್ಯಾಪಾರ ಮಾಡಿದ್ದೇನೆ. ಒಬ್ಬರು ಲೆಕ್ಕ ತೋರಿಸಿದರೆ ಅದನ್ನು ತಿರುಗಿಸಿ ನೋಡದೆ ರುಜು ಹಾಕುವ ಅಭ್ಯಾಸ ಇಲ್ಲ. ಮೊಮ್ಮಗಳು ರಜೆಯಲ್ಲಿ ಬಂದಾಗ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಪಟ್ಟಿಗಳನ್ನೆಲ್ಲ ಓದಿಸಿ ಅರ್ಥ ಕೇಳಿದೆ.

ಮೊದಲನೆಯದಾಗಿ, ಇಂಥ ಪಟ್ಟಿ ಒಂದೇ ಅಲ್ಲ. 1964ರಲ್ಲಿ ಶುರುವಾದ ಟೋಫೆಲ್ ಎಂಬ ಪರೀಕ್ಷೆಯನ್ನು ಅಮೆರಿಕದ ಇಟಿಎಸ್ ಎಂಬ ಸಂಸ್ಥೆ ನಡೆಸುತ್ತಿದೆ. 2005ರಲ್ಲಿ ಅದು ಇಂಟರ್‌ನೆಟ್ಟಿಗೆ ಬಂದಾಗ ಒಟ್ಟು 120 ಅಂಕ ಇಟ್ಟರು. ಅವರೂ ದೇಶವಾರು ಸರಾಸರಿ ಪ್ರಕಟಿಸುತ್ತಾ ಬಂದಿದ್ದಾರೆ. 2018, 2019ರ ಸುಮಾರಿನ ಪಟ್ಟಿಗಳಲ್ಲಿ ಭಾರತದ ಸರಾಸರಿ 95ರ ಆಸುಪಾಸು. ಜರ್ಮನಿ ನಮಗಿಂತ ಕೆಲವೇ ಅಂಕ ಮುಂದೆ. ಆ ಸಂಸ್ಥೆಯವರೇ ಮಾಡಿದ ಹೋಲಿಕೆಯ ಪ್ರಕಾರ ಟೋಫೆಲಿನ 94ರಿಂದ 101ರವರೆಗಿನ ಅಂಕ ಐಇಎಲ್‌ಟಿಎಸ್‌ನ 7ಕ್ಕೆ ಸಮ. ಅಂದರೆ ಒಂದು ತಕ್ಕಡಿಯಲ್ಲಿ ಭಾರತ 7 ತೂಗುತ್ತದೆ, ಇನ್ನೊಂದರಲ್ಲಿ 6. ಅದೇ ದೇಶ, ಅದೇ ಇಂಗ್ಲಿಷ್, ಅದೇ ಕಾಲ!

ಇದು ಹೇಗೆ? ತಕ್ಕಡಿ ಎರಡೂ ಸರಿಯಾಗಿಯೇ ಇವೆ. ತೂಗಿದ ಸರಕು ಬೇರೆ. ನಮ್ಮ ದೇಶದಲ್ಲಿ ಟೋಫೆಲ್ ಬರೆಯುವವರಲ್ಲಿ ಬಹುಪಾಲು ಇಂಜಿನಿಯರಿಂಗ್ ಮುಗಿಸಿ ಅಮೆರಿಕಕ್ಕೆ ಮೇಲೋದಿಗೆ ಹೋಗುವವರು. ಕಾಲೇಜಿನಲ್ಲಿ ನಾಲ್ಕು ವರ್ಷ ಇಂಗ್ಲಿಷ್ ಪುಸ್ತಕವನ್ನೇ ಓದಿದವರು. ಐಇಎಲ್‌ಟಿಎಸ್‌ಗೆ ಬರುವ ಜನ ಬೇರೆ. ಪ್ಲಸ್ ಟು ಮುಗಿಸಿ ಕೆನಡಾಕ್ಕೆ ಹೊರಟ ಪಂಜಾಬಿನ ರೈತನ ಮಗ, ಗಂಡ ಇರುವ ದೇಶಕ್ಕೆ ಹೋಗಬೇಕಾದ ಗುಜರಾತಿನ ಹೆಣ್ಣುಮಗಳು, ನಮ್ಮ ಕೇರಳದ ನರ್ಸುಗಳು, ಎಲ್ಲರೂ ಒಂದೇ ಸಾಲಿನಲ್ಲಿ. ಹಳ್ಳಿಯವರೂ ಧೈರ್ಯ ಮಾಡಿ ಪರೀಕ್ಷೆಗೆ ಬರುವ ದೇಶದ ಸರಾಸರಿ ಇಳಿಯುತ್ತದೆ. ಆಯ್ದ ಕೆಲವರು ಮಾತ್ರ ಬರುವ ದೇಶದ ಸರಾಸರಿ ಏರುತ್ತದೆ. ಇನ್ನು ಇಂಟರ್‌ನೆಟ್ಟಿನಲ್ಲಿ ಬೇಕಾದವರು ಬಂದು ಪುಕ್ಕಟೆ ಬರೆಯುವ ಪರೀಕ್ಷೆಯಿಂದ ದೇಶಗಳಿಗೆ ಕ್ರಮಾಂಕ ಕೊಡುವ ಮತ್ತೊಂದು ಪಟ್ಟಿ 2011ರಿಂದ ಬರುತ್ತಿದೆ. 2019ರಿಂದ 2024ರವರೆಗೆ ಅದರಲ್ಲಿ ನೆದರ್ಲೆಂಡ್ಸ್ ಮೊದಲು. ಅದೂ ಇಷ್ಟಪಟ್ಟು ಬಂದು ಕೂತವರ ಲೆಕ್ಕವೇ ಹೊರತು ದೇಶದ ಲೆಕ್ಕವಲ್ಲ.

ವ್ಯಾಪಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಲೀಟರ್ ಪಾತ್ರೆಗೆ ಮೆಣಸು ತುಂಬಿ ತೂಗಿದಾಗ 550 ಗ್ರಾಂ ಬಂದರೆ ಒಳ್ಳೆಯ ಮಾಲು ಎನ್ನುತ್ತೇವೆ. ಆದರೆ ನನ್ನ ಅಂಗಡಿಗೆ ಈ ವಾರ ಬಂದ ಮೂಟೆಗಳ ಲೀಟರ್ ತೂಕ ನೋಡಿ, "ವಯನಾಡಿನ ಮೆಣಸೇ ಈ ವರ್ಷ ಜೊಳ್ಳು" ಎಂದು ಕೊಚ್ಚಿಗೆ ಫೋನ್ ಮಾಡಿದರೆ ನನ್ನನ್ನು ಯಾರು ವ್ಯಾಪಾರಿ ಎನ್ನುತ್ತಾರೆ? ಹಣದ ಅಡಚಣೆಯಿದ್ದ ರೈತ ಹಗುರ ಮೆಣಸನ್ನೇ ಮೊದಲು ಮಾರಿರಬಹುದು. ಅನುಕೂಲಸ್ಥ ದಪ್ಪ ಕಾಳನ್ನು ಅಟ್ಟದ ಮೇಲಿಟ್ಟು ಧಾರಣೆ ಏರಲಿ ಎಂದು ಕಾದಿರಬಹುದು. ಅಂಗಡಿಗೆ ಬಂದದ್ದು ಬೆಟ್ಟದ ಬೆಳೆಯಲ್ಲ, ಬೆಟ್ಟದಿಂದ ಇಳಿದ ಕೆಲವು ಮೂಟೆ.

ಇನ್ನೊಂದು ಸಂಗತಿಯನ್ನೂ ನೋಡಬೇಕು. ಇಂಗ್ಲಿಷರು ನೀರಿಗೆ ವಾಟರ್ ಎಂದರೆ ಡಚ್ಚರು ವಾತರ್, ಜರ್ಮನರು ವಾಸ್ಸರ್ ಎನ್ನುತ್ತಾರಂತೆ. ಹಾಲಿಗೆ ಮಿಲ್ಕ್, ಮೆಲ್ಕ್, ಮಿಲ್ಶ್. ಇವು ಒಂದೇ ಬಳ್ಳಿಯ ಕಾಯಿಗಳು. ನಾವು ಹಾಲು ಎಂದದ್ದಕ್ಕೆ ನೆರೆಯವರು ಪಾಲ್, ಹತ್ತು ಎಂದದ್ದಕ್ಕೆ ಪತ್ತ್, ಹುಲಿ ಎಂದದ್ದಕ್ಕೆ ಪುಲಿ ಎನ್ನುವುದಿಲ್ಲವೇ? ನಮ್ಮ ಮಕ್ಕಳು ಬೀದಿಯಲ್ಲಿ ಆಡುತ್ತಾ ಆಡುತ್ತಾ ಮಲಯಾಳಂ ಕಲಿತರು. ಅದಕ್ಕೆ ಯಾರೂ ಸರ್ಟಿಫಿಕೇಟ್ ಕೊಡಲಿಲ್ಲ. ನಾಳೆ ಯಾರಾದರೂ ಮಲಯಾಳಂ ಪರೀಕ್ಷೆ ಇಟ್ಟು ದೇಶವಾರು ಪಟ್ಟಿ ಮಾಡಿದರೆ ನಮ್ಮ ಹುಡುಗರು ಜರ್ಮನರಿಗಿಂತ ಎಷ್ಟೋ ಮೇಲಿರುತ್ತಾರೆ. ಆಗ ಜರ್ಮನರು ದಡ್ಡರು ಎನ್ನೋಣವೇ? ಫಿಲಿಪ್ಪೀನ್ಸಿನವರ ಕಥೆ ಬೇರೆ. 1898ರಲ್ಲಿ ಆ ದ್ವೀಪಗಳು ಅಮೆರಿಕದವರ ಕೈಗೆ ಹೋದ ಮೇಲೆ ಶಾಲೆಗಳಲ್ಲಿ ಇಂಗ್ಲಿಷ್ ಬಂತು. ಇಂದಿಗೂ ಅಲ್ಲಿ ಅದು ಒಂದು ಅಧಿಕೃತ ಭಾಷೆ. ಮನೆಯಲ್ಲಿ ಮಾತ್ರ ಅವರೂ ತಮ್ಮ ತಮ್ಮ ಭಾಷೆಯನ್ನೇ ಆಡುತ್ತಾರೆ. ಈ ಮಾತನ್ನು ನನ್ನ ಮಗ ಗಮನಿಸಿರಲಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಮಾತು ಕೊನೆಗೆ ಸಿಕ್ಕಿತು. ಟೋಫೆಲ್ ನಡೆಸುವ ಸಂಸ್ಥೆ ತನ್ನ ಪಟ್ಟಿಯ ಜೊತೆಗೇ ಒಂದು ಎಚ್ಚರಿಕೆ ಅಚ್ಚು ಹಾಕಿದೆ. ಈ ಅಂಕಗಳನ್ನು ಹಿಡಿದು ದೇಶಗಳಿಗೆ ಕ್ರಮಾಂಕ ಹಚ್ಚುವುದನ್ನು ತಾನು ಒಪ್ಪುವುದಿಲ್ಲ, ಅದು ಅಂಕಿಅಂಶಗಳ ದುರುಪಯೋಗ, ಪರೀಕ್ಷೆ ಇರುವುದು ಒಬ್ಬೊಬ್ಬ ಅಭ್ಯರ್ಥಿಯನ್ನು ಅಳೆಯುವುದಕ್ಕೆ, ದೇಶಗಳನ್ನು ಹೋಲಿಸುವುದಕ್ಕಲ್ಲ ಎಂಬುದು ಅದರ ತಾತ್ಪರ್ಯ. ತಕ್ಕಡಿ ಮಾಡಿದವನೇ ಹೀಗೆ ಹೇಳುತ್ತಿರುವಾಗ ನಾವು ಆ ಪಟ್ಟಿ ಹಿಡಿದು ಮಕ್ಕಳ ತಲೆ ತಗ್ಗಿಸುವುದೇಕೆ?

ಇಷ್ಟು ಹೇಳಿದ ಮೇಲೂ ನನ್ನ ಮಗನ ಚಿಂತೆ ಸುಳ್ಳಲ್ಲ ಎಂದು ಒಪ್ಪಬೇಕು. ಇಂಗ್ಲಿಷ್ ಬಾರದ ನಷ್ಟ ನಾನೇ ಉಂಡಿದ್ದೇನೆ. ಅಂಗಡಿ ಇಟ್ಟ ಹೊಸದರಲ್ಲಿ ಒಬ್ಬ ರಫ್ತುದಾರರಿಂದ ಮೆಣಸಿಗೆ ಪತ್ರ ಬಂತು. 'ಸ್ಯಾಂಪಲ್ ಒಪ್ಪಿಗೆಯಾದರೆ ಮಾತ್ರ' ಎಂಬ ಅರ್ಥದ ಒಂದು ಸಾಲು ಅದರಲ್ಲಿತ್ತು. ನನಗೆ ಅದು ತಿಳಿಯಲಿಲ್ಲ, ಕೇಳಲು ನಾಚಿಕೆ. ನೇರ 20 ಮೂಟೆ ಲಾರಿಗೆ ಹಾಕಿ ಕಳುಹಿಸಿದೆ. ಮಾಲು ವಾಪಸು ಬಂತು, ಬಾಡಿಗೆ ಎರಡು ಕಡೆಯದೂ ನನ್ನ ತಲೆಗೆ. ಆದ್ದರಿಂದ ಇಂಗ್ಲಿಷ್ ಬೇಡವೆಂದು ನಾನು ಯಾವ ಮಗುವಿಗೂ ಹೇಳುವುದಿಲ್ಲ. ಚೆನ್ನಾಗಿಯೇ ಕಲಿಯಲಿ. ಆದರೆ ನನ್ನ ಆ ನಷ್ಟಕ್ಕೆ ಕಾರಣ ನನ್ನ ತಾಯಿ ಕನ್ನಡ ಮಾತಾಡಿದ್ದಲ್ಲ. ಶಾಲೆಯಲ್ಲಿ ಇಂಗ್ಲಿಷ್ ಪತ್ರ ಓದುವುದನ್ನು ಯಾರೂ ಕಲಿಸಿರಲಿಲ್ಲ, ಬಾರದ್ದನ್ನು ಬಾರದೆಂದು ಹೇಳುವ ಧೈರ್ಯವೂ ನನಗಿರಲಿಲ್ಲ.

ಮೊಮ್ಮಗಳ ವಿಷಯವೂ ಹಾಗೆಯೇ. "ನಿನಗೆ ಬರವಣಿಗೆಯಲ್ಲಿ ಏಕಮ್ಮ ಕಡಿಮೆಯಾಯಿತು?" ಎಂದು ಕೇಳಿದೆ. "ಅಜ್ಜಾ, ಬರವಣಿಗೆಗೆ ಒಂದು ಗಂಟೆ. ಮೊದಲು ಒಂದು ನಕ್ಷೆಯನ್ನೋ ಅಂಕಿಅಂಶವನ್ನೋ ನೋಡಿ 150 ಪದದ ವಿವರಣೆ, ಆಮೇಲೆ 250 ಪದದ ಪ್ರಬಂಧ. ನಾನು ಮೊದಲನೆಯದಕ್ಕೇ ಅರ್ಧ ಗಂಟೆ ಕಳೆದೆ. ಆಸ್ಪತ್ರೆಯಲ್ಲಿ ನಾನು ಬರೆಯುವುದು ರೋಗಿಯ ಚಾರ್ಟ್ ಮಾತ್ರ. ಪ್ರಬಂಧ ಬರೆದು ಎಷ್ಟು ವರ್ಷವಾಯಿತೋ!" ಎಂದಳು. ಅದೇ ಪಟ್ಟಿಯಲ್ಲಿ ಅವಳು ಇನ್ನೊಂದು ಅಂಶ ತೋರಿಸಿದಳು. ಹೆಚ್ಚುಕಡಿಮೆ ಎಲ್ಲ ದೇಶದವರಿಗೂ ನಾಲ್ಕು ಭಾಗಗಳಲ್ಲಿ ಬರವಣಿಗೆಯದೇ ಕಡಿಮೆ ಅಂಕ. ಜರ್ಮನರಿಗೂ ಹಾಗೆಯೇ. ಜರ್ಮನರ ಮನೆಯಲ್ಲೂ ಅಜ್ಜಿಯರು ಕನ್ನಡ ಮಾತಾಡುತ್ತಾರೆಯೇ? ಬ್ರಿಟನ್ನಿನ ನರ್ಸಿಂಗ್ ಮಂಡಳಿಯವರೂ ಮೊದಲು ಬರವಣಿಗೆಗೆ 7 ಕೇಳುತ್ತಿದ್ದವರು, ಒಳ್ಳೆಯ ನರ್ಸುಗಳು ಅಷ್ಟರಲ್ಲೇ ತಪ್ಪಿಹೋಗುತ್ತಿದ್ದಾರೆಂದು ಕಂಡು 2018ರ ಡಿಸೆಂಬರಿನಲ್ಲಿ ಅದನ್ನು ಆರೂವರೆಗೆ ಇಳಿಸಿದರು. ಕಡಿಮೆ ಬಿದ್ದದ್ದು ಪ್ರಬಂಧದ ಅಭ್ಯಾಸ, ಶಿಕ್ಷೆ ಅಜ್ಜಿಯ ಕನ್ನಡಕ್ಕೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುವುದು ಇದಕ್ಕೇ.

ಇಂಥ ಪರೀಕ್ಷೆಯಲ್ಲಿ ಎಡವಿದವರು ನಾವೇ ಮೊದಲಲ್ಲ. ಕೇಂಬ್ರಿಡ್ಜಿನವರು 1913ರಲ್ಲಿ ಇಂಗ್ಲಿಷ್ ಪ್ರೌಢಿಮೆಯ ಪರೀಕ್ಷೆಯನ್ನು ಮೊಟ್ಟಮೊದಲು ನಡೆಸಿದಾಗ ಬರೆಯಲು ಬಂದವರು ಮೂರು ಜನ. ಮೂವರೂ ಫೇಲು! ಹಾಗೆಂದು ಪರೀಕ್ಷೆ ನಿಲ್ಲಲಿಲ್ಲ, ಬರೆಯುವವರೂ ನಿಲ್ಲಲಿಲ್ಲ.

ಈಗ ನನ್ನ ಮನಸ್ಸಿಗೆ ತಾಗಿದ ಸಂಗತಿಗೆ ಬರುತ್ತೇನೆ. ಪರೀಕ್ಷೆಗೆ ಹೆಸರು ಕೊಡುವಾಗ ಫಾರಮ್ಮಿನಲ್ಲಿ ದೇಶ ಯಾವುದು, ಮೊದಲ ಭಾಷೆ ಯಾವುದು ಎಂದು ಕೇಳುತ್ತಾರೆ. "ನೀನೇನು ಬರೆದೆ?" ಎಂದೆ. ಹುಡುಗಿ ಸ್ವಲ್ಪ ತಡೆದು, "ಮಲಯಾಳಂ ಎಂದು ಹಾಕಿದೆ ಅಜ್ಜಾ. ತರಬೇತಿಯಲ್ಲಿ ಎಲ್ಲರೂ ಅದನ್ನೇ ಹಾಕಿದರು" ಎಂದಳು. ಅಂದರೆ ನನ್ನ ಮಗ ಯಾವ ಕನ್ನಡದ ಮೇಲೆ ತಪ್ಪು ಹೊರಿಸಿದನೋ ಆ ಕನ್ನಡ ಲೆಕ್ಕದಲ್ಲಿ ಇರಲೇ ಇಲ್ಲ. ಟೋಫೆಲಿನವರು ಭಾಷಾವಾರು ಪಟ್ಟಿಯನ್ನೂ ಪ್ರಕಟಿಸುತ್ತಾ ಬಂದಿದ್ದಾರೆ. ಅದರಲ್ಲಿ ಮಲಯಾಳಂ, ತಮಿಳು, ತೆಲುಗಿನಂತೆ ಕನ್ನಡಕ್ಕೂ ಪ್ರತ್ಯೇಕ ಸಾಲಿದೆ. ಅಮೆರಿಕದವರ ಪಟ್ಟಿಯಲ್ಲಿ ಸ್ಥಾನವಿರುವ ಕನ್ನಡಕ್ಕೆ ನಮ್ಮ ಊಟದ ಪಂಕ್ತಿಯಲ್ಲಿ ಸ್ಥಾನವಿಲ್ಲವೇ?

2011ರ ಜನಗಣತಿಯಲ್ಲಿ ಇಡೀ ಕೇರಳದಲ್ಲಿ ಜೈನರ ಸಂಖ್ಯೆ ಸುಮಾರು 4,500. ಅವರಲ್ಲಿ ಕನ್ನಡ ಆಡುವ ವಯನಾಡಿನ ಮನೆಗಳು ಇನ್ನೆಷ್ಟು? ಸರ್ಕಾರ ಬದಲಾದವು. ಮದರಾಸು ಪ್ರಾಂತ್ಯ ಹೋಗಿ 1956ರಲ್ಲಿ ಕೇರಳವಾಯಿತು; 1980ರಲ್ಲಿ ವಯನಾಡು ಪ್ರತ್ಯೇಕ ಜಿಲ್ಲೆಯಾಯಿತು. ಸುಲ್ತಾನ್ ಬತ್ತೇರಿಯನ್ನೇ ನೋಡಿ. ಹಿಂದೆ ಅದನ್ನು ಹನ್ನೆರಡು ಬೀದಿ ಎಂದು ಕರೆಯುತ್ತಿದ್ದರೆಂದು ಹಿರಿಯರು ಹೇಳುತ್ತಾರೆ. ಟಿಪ್ಪುವಿನ ಕಾಲದಲ್ಲಿ ಅಲ್ಲಿನ ನಮ್ಮ ಕಲ್ಲು ಬಸದಿ ಮದ್ದುಗುಂಡಿನ ಉಗ್ರಾಣವಾಗಿ, ಇಂಗ್ಲಿಷರ ಬಾಯಲ್ಲಿ ಊರು ಸುಲ್ತಾನ್ಸ್ ಬ್ಯಾಟರಿಯಾಯಿತು. ಊರಿನ ಹೆಸರು ಹೋಯಿತು, ಮನೆಯ ಮಾತು ಉಳಿಯಿತು. ಉಳಿಸಿದವರು ಯಾರು? ಪಂಡಿತರಲ್ಲ, ಸರ್ಕಾರವಲ್ಲ. ಅಡುಗೆಮನೆಯ ತಾಯಂದಿರು, ದೀಪ ಹಚ್ಚಿ ಕಥೆ ಹೇಳಿದ ಅಜ್ಜಿಯರು.

ಮನೆಯಲ್ಲಿ ಕನ್ನಡವಿದ್ದರೆ ಹೊರಗೆ ಏಳಿಗೆಯಿಲ್ಲ ಎನ್ನುವವರು ಕಲ್ಪೆಟ್ಟದ ಎಂ. ಪಿ. ವೀರೇಂದ್ರ ಕುಮಾರ್ ಅವರನ್ನು ನೆನೆಯಲಿ. ವಯನಾಡಿನ ಕನ್ನಡ ಮೂಲದ ಜೈನ ಮನೆತನದಲ್ಲಿ 1936ರಲ್ಲಿ ಹುಟ್ಟಿದವರು. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಓದಿದರು. ಮಲಯಾಳಂನಲ್ಲಿ ಬರೆದ ಪ್ರವಾಸ ಗ್ರಂಥಕ್ಕೆ 2010ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. 2020ರಲ್ಲಿ ತೀರಿಕೊಳ್ಳುವವರೆಗೂ ಮಾತೃಭೂಮಿ ಪತ್ರಿಕೆಯ ಚುಕ್ಕಾಣಿ ಹಿಡಿದಿದ್ದರು. ಒಂದು ಭಾಷೆಯ ಜಾಗವನ್ನು ಇನ್ನೊಂದು ಕಸಿಯಬೇಕೆಂಬ ನಿಯಮವಿಲ್ಲ. ತಲೆಯೇನು ಗೋದಾಮೇ, ಒಂದು ಮೂಟೆ ಹೊರಗಿಟ್ಟರೆ ಮಾತ್ರ ಇನ್ನೊಂದು ಹಿಡಿಸುತ್ತದೆ ಎನ್ನಲು? ಮಗು ಮನೆಯ ಭಾಷೆಯಲ್ಲಿ ಗಟ್ಟಿಯಾದರೆ ಮಿಕ್ಕ ಭಾಷೆಗೆ ಅದೇ ಬುನಾದಿ ಎಂದು ತಿಳಿದವರು ಹೇಳುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಿದ್ದಲ್ಲೆಲ್ಲ ಕನಿಷ್ಠ ಐದನೇ ತರಗತಿಯವರೆಗೆ ಮನೆಮಾತಿನಲ್ಲೇ ಕಲಿಸಬೇಕೆಂದಿದೆ.

ನಮ್ಮ ಧರ್ಮವೂ ಇದನ್ನೇ ಹೇಳಿದೆ. ಸಮವಸರಣದಲ್ಲಿ ಭಗವಂತನ ದಿವ್ಯಧ್ವನಿ ಅವರವರಿಗೆ ಅವರವರ ಭಾಷೆಯಲ್ಲೇ ತಿಳಿಯುತ್ತಿತ್ತಂತೆ. ಕುಂದಕುಂದಾಚಾರ್ಯರು ಪ್ರಾಕೃತದಲ್ಲಿ ಬರೆದರು. ಆದಿಕವಿ ಪಂಪ 941ರಲ್ಲಿ ಆದಿ ತೀರ್ಥಂಕರರ ಚರಿತೆಯನ್ನು ಕನ್ನಡದಲ್ಲಿ ಬರೆದ. ಅನೇಕಾಂತ ಬಲ್ಲ ನಮಗೆ ಆನೆ ಮುಟ್ಟಿದ ಕುರುಡರ ಕಥೆ ಗೊತ್ತಿಲ್ಲದ್ದೇ? ಕಾಲು ಮುಟ್ಟಿದವನಿಗೆ ಆನೆ ಕಂಬ, ಕಿವಿ ಮುಟ್ಟಿದವನಿಗೆ ಮೊರ. ಅಂಕವೂ ಅಷ್ಟೇ. ಒಂದು ದಿನ, ಒಂದು ಕೋಣೆಯಲ್ಲಿ, ಒಂದು ಬಗೆಯ ಇಂಗ್ಲಿಷನ್ನು ಒಬ್ಬಳು ಎಷ್ಟು ನಿಭಾಯಿಸಿದಳು ಎಂಬ ಮಟ್ಟಿಗೆ ಅದು ನಿಜ. ಅದನ್ನೇ ಇಡೀ ಮಗುವೆಂದೂ, ಇಡೀ ಮನೆಯೆಂದೂ, ಇಡೀ ದೇಶವೆಂದೂ ತಿಳಿದರೆ ಮಿಥ್ಯೆ.

ಆದ್ದರಿಂದ ತಂದೆ ತಾಯಂದಿರಲ್ಲಿ ನನ್ನ ವಿನಂತಿ ಇಷ್ಟೇ. ಮಗುವಿನ ಅಂಕಪಟ್ಟಿಯನ್ನು ಅದೇ ಮಗುವಿನ ಹಿಂದಿನ ಅಂಕಪಟ್ಟಿಯ ಪಕ್ಕದಲ್ಲಿಡಿ, ಜರ್ಮನಿಯ ಪಕ್ಕದಲ್ಲಲ್ಲ. ಯಾವ ಭಾಗದಲ್ಲಿ ಕಡಿಮೆಯೋ ಅದಕ್ಕೆ ಅಭ್ಯಾಸ ಮಾಡಿಸಿ. ಪರೀಕ್ಷೆಗೆ ದುಡ್ಡು ಕಟ್ಟುವ ಮೊದಲು, ಹೋಗುವ ದೇಶದವರ ಗೆರೆ ಎಲ್ಲಿದೆ ಎಂದು ಭಾಗಭಾಗವಾಗಿ ವಿಚಾರಿಸಿ. ಐಇಎಲ್‌ಟಿಎಸ್ ಅಂಕಕ್ಕೆ ಸಾಮಾನ್ಯವಾಗಿ ಎರಡು ವರ್ಷ ಮಾತ್ರ ಬೆಲೆ. ಅದನ್ನೂ ಲೆಕ್ಕ ಹಾಕಿ. ಇಂಗ್ಲಿಷಿಗೆ ದಿನಕ್ಕೊಂದು ಗಂಟೆ ಕೊಡಿ. ಅಜ್ಜಿಯ ಗಂಟೆಯನ್ನು ಮಾತ್ರ ಕಸಿಯಬೇಡಿ.

ಇದನ್ನೆಲ್ಲ ಮಗನಿಗೆ ಹೇಳಿದೆ. ಅವನು ಒಪ್ಪಿದೆನೆಂದು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಅಂದು ಸಂಜೆ ದೀಪ ಹಚ್ಚಿದ ಮೇಲೆ, "ಅಮ್ಮಾ, ಅನಂತಮತಿಯ ಕಥೆ ಎಲ್ಲಿಗೆ ನಿಂತಿತ್ತು?" ಎಂದು ಅವನೇ ಕೇಳಿದ. ನನ್ನ ಮನೆಯವಳು ಸೆರಗಿನಿಂದ ಮುಖ ಒರೆಸಿಕೊಂಡು ಮೊಮ್ಮಗನನ್ನು ಹತ್ತಿರ ಕರೆದಳು.

ಮೊಮ್ಮಗಳು ಬರುವ ತಿಂಗಳು ಮತ್ತೆ ಪರೀಕ್ಷೆಗೆ ಕೂರುತ್ತಾಳೆ. ದಿನಕ್ಕೊಂದು ಪ್ರಬಂಧ ಬರೆಯುತ್ತಿದ್ದಾಳೆ. ಫಾರಂ ತುಂಬಿಸುವಾಗ ನನ್ನನ್ನು ಕರೆದು ತೋರಿಸಿದಳು. ಮೊದಲ ಭಾಷೆ ಎಂಬಲ್ಲಿ ಈ ಬಾರಿ ಕನ್ನಡ ಎಂದು ಹಾಕಿದ್ದಳು. ಫಲಿತಾಂಶ ಏನೇ ಬರಲಿ, ತಮಗೆ ತಿಳಿಸುತ್ತೇನೆ.